ನೆಲ ಖುಷ್ಕಿ, ಮಂದಿ ತರಿ

ಹೇಮಗುಡ್ಡದ ಫುಟ್‌ಬಾಲ್ ಸಂಘ ಮೇ ತಿಂಗಳ ಕೊನೆಯ ಭಾನುವಾರ ಕೊಪ್ಪಳದಲ್ಲಿ ಸೋತು ಮೊದಲನೇ ದರ್ಜೆಯಿಂದ ಎರಡನೇ ದರ್ಜೆಗೆ ಇಳಿದಾಗ ಯಾರೂ ಅಳಲಿಲ್ಲ. ನಾಲ್ಕು ಗೋಲು ತಿಂದವರಿಗೆ ಅಳುವ ಹಕ್ಕಾದರೂ ಎಲ್ಲಿರುತ್ತದೆ? ಹುಡುಗರು ಹಿಟ್ನಾಳದ ಹತ್ತಿರ ಟೆಂಪೋ ನಿಲ್ಲಿಸಿ ಮಿರ್ಚಿ ತಿಂದರು, ಚಹಾ ಕುಡಿದರು, ಊರಿಗೆ ಬಂದು ಮಲಗಿದರು. ಇಳಿದದ್ದು ಎಲ್ಲರಿಗೂ ತಿಳಿಯಿತು. ಇಳಿದು ಎಲ್ಲಿಗೆ ಬಂದೆವು ಎಂಬುದು ಮಾತ್ರ ಜುಲೈ ಮೊದಲ ವಾರದವರೆಗೆ ತಿಳಿಯಲಿಲ್ಲ.

ಆ ವಾರ ಸಂಘದ ಕಾರ್ಯದರ್ಶಿ ಓಬಳೆಪ್ಪನಿಗೆ ಮಂಡಳಿಯಿಂದ ಪತ್ರ ಬಂತು. ಮಂಡಳಿ ಎಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕಿನ ಸಂಘಗಳನ್ನು ಕೂಡಿಸಿ ಆಟ ನಡೆಸುವ ಐದಾರು ಜನ ಹಿರಿಯರು. ಪತ್ರದಲ್ಲಿ ಎರಡೇ ಸಾಲು. 'ನಿಮ್ಮ ಸಂಘವನ್ನು ಎರಡನೇ ದರ್ಜೆಯ ಖುಷ್ಕಿ ಗುಂಪಿಗೆ ಸೇರಿಸಲಾಗಿದೆ. ಮೊದಲ ಆಟ ಜುಲೈ ಇಪ್ಪತ್ತು, ಕುಷ್ಟಗಿಯಲ್ಲಿ.' ಓಬಳೆಪ್ಪ ಅದನ್ನು ಮೂರು ಸಲ ಓದಿದ. ಮೂರನೇ ಸಲ ಕನ್ನಡಕ ಒರೆಸಿಕೊಂಡು ಓದಿದ. ತಪ್ಪು ಕನ್ನಡಕದ್ದಲ್ಲ ಎಂದು ಖಾತ್ರಿಯಾಯಿತು.

ಮೊದಲನೇ ದರ್ಜೆಯಲ್ಲಿ ನಾಲ್ಕೂ ತಾಲೂಕಿನವರು ಕೂಡಿ ಆಡುತ್ತಾರೆ. ಎರಡನೇ ದರ್ಜೆ ಹಾಗಲ್ಲ, ಅಲ್ಲಿ ಎರಡು ಗುಂಪು. ಅಲ್ಲಿ ಆಡುವವರು ಹೊಲಮನೆಯವರು, ಕೆಲಸ ಬಿಟ್ಟು ಬರಲಾರರು. ಆದ್ದರಿಂದ ಹಿಂದಿನವರು ತಾಲೂಕಿನ ಗಡಿ ನೋಡದೆ ನೀರು ನೋಡಿ ಗುಂಪು ಮಾಡಿದ್ದರು. ಹೆಸರನ್ನು ಪಹಣಿಯಿಂದಲೇ ಎತ್ತಿಕೊಂಡಿದ್ದರು. ಕಾಲುವೆ ನೀರು ಉಣ್ಣುವ ಜಮೀನಿಗೆ ಪಹಣಿಯಲ್ಲಿ ತರಿ ಎನ್ನುತ್ತಾರೆ, ಮಳೆಯನ್ನೇ ನಂಬಿದ ಜಮೀನಿಗೆ ಖುಷ್ಕಿ. ಖುಷ್ಕಿಯವರ ಬಿತ್ತನೆ ಜುಲೈ ಹೊತ್ತಿಗೆ ಮುಗಿದಿರುತ್ತದೆ, ಅವರ ಆಟ ಜುಲೈ ಮೂರನೇ ವಾರದಿಂದ ಆಗಸ್ಟ್ ಕೊನೆಯವರೆಗೆ. ತರಿಯವರು ಆಗ ಕೆಸರಿನಲ್ಲಿ ನೆಲ್ಲು ನಾಟಿ ಮಾಡುತ್ತಿರುತ್ತಾರೆ, ಅವರ ಆಟ ಸೆಪ್ಟೆಂಬರಿನಲ್ಲಿ ಶುರು.

ಹೇಮಗುಡ್ಡದ ಸುತ್ತ ಕಾಲುವೆ, ಕಾಲುವೆಯ ಸುತ್ತ ನೆಲ್ಲು. ಅನ್ನ ಬಿಟ್ಟು ಬೇರೆ ಉಣ್ಣದ ಹುಡುಗರನ್ನು ಖುಷ್ಕಿಗೆ ಯಾಕೆ ಹಾಕಿದರು?

ಕಟ್ಟೆಯ ಮೇಲೆ ಕೂತವರು ತಲೆಗೊಂದು ಕಾರಣ ಕೊಟ್ಟರು. ಸೋತು ಬಂದವರಿಗೆ ಮೊದಲ ವರ್ಷ ಶಿಕ್ಷೆ ಎಂದರು ಒಬ್ಬರು. ಚೀಟಿ ಎತ್ತಿರುತ್ತಾರೆ ಎಂದರು ಇನ್ನೊಬ್ಬರು. ಕುಷ್ಟಗಿಯವರ ಮಸಲತ್ತು ಎಂದರು ಮತ್ತೊಬ್ಬರು. ಬಾಗಾಯ್ತು ಎಂಬ ಮೂರನೇ ಗುಂಪೂ ಇದೆಯಂತೆ, ಅದರಲ್ಲಿ ಮಾವಿನ ತೋಟದವರಷ್ಟೇ ಆಡುತ್ತಾರಂತೆ ಎಂದೂ ಯಾರೋ ಹೇಳಿದರು. ಓಬಳೆಪ್ಪ ಎಲ್ಲರ ಮಾತನ್ನೂ ಕೇಳಿದ, ಎಲ್ಲವೂ ಸ್ವಲ್ಪ ಸ್ವಲ್ಪ ನಿಜ ಅನ್ನಿಸಿ ತಲೆ ಚಿಟ್ಟು ಹಿಡಿಯಿತು.

ಅಧ್ಯಕ್ಷ ಖಾಜಾಸಾಬನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ, ಸಿಟ್ಟಿತ್ತು. ಎರಡು ಟ್ರ್ಯಾಕ್ಟರಿನ ಒಡೆಯ, ಸಂಘದ ಆಟದ ಬಯಲೂ ಅವನದೇ ಜಮೀನು. ಮಗ ಅಸ್ಲಮ ತಂಡದ ನಾಯಕ, ನಾಟಿ ಮಷಿನ್ ಓಡಿಸುವವನು. ಹನ್ನೊಂದು ಜನರಲ್ಲಿ ಎಂಟು ಮಂದಿ ಜುಲೈ ಮಧ್ಯದಿಂದ ಮೊಣಕಾಲುದ್ದ ಕೆಸರಿನಲ್ಲಿರುವವರು.

"ನೀರು ಬಿಡೋ ವಾರಕ್ಕ ನಮ್ಮ ಹುಡುಗರನ್ನ ಕುಷ್ಟಗಿಗೆ ಕರೀತಾರಂದ್ರ ನಮ್ಮನ್ನ ಮುಗಸಬೇಕಂತನ ಮಾಡ್ಯಾರ" ಎಂದ ಖಾಜಾಸಾಬ. "ಮೂರು ಆಟಕ್ಕ ಹೋಗಲಿಲ್ಲಂದ್ರ ಹೆಸರು ಹೊಡದು ಹಾಕ್ತಾರ. ಮೂವತ್ತೊಂದು ವರ್ಷದ ಸಂಘ. ಸೆಕ್ರೆಟರಿ ಸಾಹೇಬ್ರ, ನೀವು ಕೊಪ್ಪಳಕ್ಕ ಹೋಗಿ ಕೇಳ್ರಿ, ಯಾರು ಈ ಕೆಲಸ ಮಾಡ್ದಾಂವ ಅಂತ."

ಸೆಕ್ರೆಟರಿ ಸಾಹೇಬ್ರ. ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಓಬಳೆಪ್ಪ ಮೂವತ್ತೈದು ವರ್ಷ ಊರಿನ ಗ್ರಾಮ ಸಹಾಯಕನಾಗಿದ್ದ. ಪಹಣಿಯ ಗಂಟು ಹೊತ್ತವನು, ಅಳತೆಯ ಸರಪಳಿ ಹಿಡಿದವನು, ಸಾಹೇಬರ ಜೀಪಿನ ಮುಂದೆ ಓಡಿದವನು. ಕಚೇರಿಯಲ್ಲಿ ಅವನ ಮೊಮ್ಮಗನ ವಯಸ್ಸಿನವರೂ 'ಏ ಓಬಳ್ಯಾ' ಎಂದೇ ಕರೆದರು. ಊರಿನಲ್ಲಿ ಯಾರ ಹೊಲದ ಸರ್ವೆ ನಂಬರೂ ಅವನ ನಾಲಿಗೆಯ ತುದಿಯಲ್ಲಿತ್ತು, ಅವನ ಹೆಸರಿಗೆ ಮಾತ್ರ ಒಂದು ಗುಂಟೆಯೂ ಇರಲಿಲ್ಲ. ಇಡೀ ಲೋಕದಲ್ಲಿ ಅವನನ್ನು ಸಾಹೇಬರೇ ಎನ್ನುವ ಜಾಗ ಒಂದೇ, ಆ ಫುಟ್‌ಬಾಲ್ ಬಯಲು. ಖಾಜಾಸಾಬ ಮನೆಯಲ್ಲಿ ಅವನಿಗೆ 'ನೀ' ಎನ್ನುವವನು, ಸಂಘದ ವಿಷಯ ಬಂತೆಂದರೆ ಎದ್ದು ನಿಂತು 'ರೀ' ಹಚ್ಚುತ್ತಿದ್ದ. ಸಂಘ ಹೋದರೆ ಓಬಳೆಪ್ಪನಿಗೆ ಆ 'ರೀ' ಹೋಗುತ್ತದೆ. ಅದು ಸಣ್ಣ ವಸ್ತು ಎನ್ನುವವರು ಮೂವತ್ತೈದು ವರ್ಷ ಜೀಪಿನ ಮುಂದೆ ಓಡಿ ನೋಡಲಿ.

ಮಂಡಳಿಯ ಕಚೇರಿ ಕೊಪ್ಪಳದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆ. ದಫ್ತರ ನೋಡಿಕೊಳ್ಳುವವನು ಪ್ರಭುರಾಜ, ಹೈಸ್ಕೂಲಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ತಾಳ್ಮೆಯ ಮನುಷ್ಯ. ಓಬಳೆಪ್ಪ ಕೇಳಿದ್ದಕ್ಕೆ ಅವನು ಮೇಜಿನ ಮೇಲೆ ಹುರಿದ ಶೇಂಗಾ ಇಟ್ಟು ಲೆಕ್ಕ ತಿಳಿಸತೊಡಗಿದ.

"ಇವು ಆರು ತರಿ ಸಂಘ, ಇವು ಆರು ಖುಷ್ಕಿ. ಈ ವರ್ಷ ಎರಡೂ ಕಡೆಯಿಂದ ಒಂದೊಂದು ಮ್ಯಾಲ ಹೋದ್ವು. ಉಳದದ್ದು ಐದು, ಐದು. ಮ್ಯಾಲಿಂದ ಎರಡು ಇಳದು ಬಂದ್ವು, ನಿಮ್ಮದೊಂದು, ಯಲಬುರ್ಗಾದವ್ರದೊಂದು. ನಿಮ್ಮನ್ನ ತರಿಗೆ, ಅವ್ರನ್ನ ಖುಷ್ಕಿಗೆ ಹಾಕಿದ್ರ ಆರು, ಆರು ಆಕ್ಕಿತ್ತು. ಹೌದಲ್ರಿ?"

"ಹೌದ್ರಿ. ನಾವೂ ಅದನ್ನ ಕೇಳಾಕ ಬಂದದ್ದು."

"ಆದ್ರ ಇಬ್ಬರೂ ಖುಷ್ಕಿ ಅಂತ ಬರದು ಕೊಟ್ರಿ. ಐದು, ಏಳು ಆತು. ಹಂಗ ಇರಾಕ ಬರಂಗಿಲ್ಲ. ಅದಕ್ಕ ಖುಷ್ಕಿಯವ್ರೊಳಗ ಕಾಲುವಿಗೆ ಹತ್ತರ ಯಾರದಾರ ನೋಡಿದ್ವಿ. ಗಂಗಾವತಿ ಮಿಲ್ಲಿನ ಹಮಾಲರ ಸಂಘ. ಅವ್ರನ್ನ ಎತ್ತಿ ತರಿಗೆ ಹಾಕಿದ್ವಿ. ಈಗ ನೋಡ್ರಿ, ಆರು..."

ಪ್ರಭುರಾಜ ಎಣಿಸಿದ. ಖುಷ್ಕಿಯ ಕಡೆ ಐದೇ ಇದ್ದವು. ಮತ್ತೆ ಎಣಿಸಿದ, ಐದೇ. ಓಬಳೆಪ್ಪ ತನಗೆ ಗೊತ್ತಿಲ್ಲದೆ ಒಂದು ಶೇಂಗಾ ಬಾಯಿಗೆ ಹಾಕಿಕೊಂಡಿದ್ದ, ಅದು ಯಲಬುರ್ಗಾದ ಸಂಘವಾಗಿತ್ತು.

"ಇಬ್ಬರೂ ಬರದು ಕೊಟ್ರಿ ಅಂದ್ರ?" ಎಂದ ಓಬಳೆಪ್ಪ, ಅದನ್ನು ನುಂಗಿ. "ನಾವು ಎಂದು ಖುಷ್ಕಿ ಅಂತ ಬರದ್ವಿ?"

ಪ್ರಭುರಾಜ ಕಡತ ಬಿಚ್ಚಿ ಒಂದು ಅರ್ಜಿ ತೆಗೆದು ಮುಂದಿಟ್ಟ. ಜೂನ್ ತಿಂಗಳ ಅರ್ಜಿ. ಏಳನೇ ಅಂಕಣದಲ್ಲಿ ಪ್ರಶ್ನೆ: 'ನಿಮ್ಮ ಸಂಘ ಯಾವ ಸೀಮೆಯದು? ತರಿ ಅಥವಾ ಖುಷ್ಕಿ.' ಅದರ ಮುಂದೆ ಗುಂಡಾದ ಅಕ್ಷರದಲ್ಲಿ ಉತ್ತರ: 'ಖುಷ್ಕಿ. ಸರ್ವೆ ನಂಬರ್ ೯೭. ಕ್ಷೇತ್ರ ೨ ಎಕರೆ ೧೧ ಗುಂಟೆ.' ಅದರ ಕೆಳಗೆ ನಾಲ್ಕೂ ದಿಕ್ಕಿನ ಗಡಿಯ ವಿವರ. ಅರ್ಜಿಯ ಬೆನ್ನಿಗೆ ಪಹಣಿಯ ನಕಲು ಕೂಡ.

"ಇಷ್ಟು ವರ್ಷದಾಗ ಫುಟ್‌ಬಾಲ್ ಅರ್ಜಿಗೆ ಪಹಣಿ ಹಚ್ಚಿದಾಂವ ನೀವೊಬ್ರ ನೋಡ್ರಿ" ಎಂದ ಪ್ರಭುರಾಜ, ಮೆಚ್ಚುಗೆಯಿಂದಲೇ.

ಅದು ಓಬಳೆಪ್ಪನದೇ ಅಕ್ಷರ. ಅರ್ಜಿ ತುಂಬಿದ ಮಧ್ಯಾಹ್ನ ನೆನಪಾಯಿತು. ಯಾವ ಸೀಮೆ ಎಂದು ಕೇಳಿದ್ದರು. ಸೀಮೆ ಎಂದ ಕೂಡಲೇ ಅವನ ಕೈ ಪಹಣಿಗೆ ಹೋಗಿತ್ತು, ಮೂವತ್ತೈದು ವರ್ಷದ ರೂಢಿ. ಅವನ ಕಣ್ಣಿಗೆ ಮೊದಲು ಕಾಣುವುದು ಜಮೀನು, ಜಮೀನಿನ ಮೇಲೆ ಓಡಾಡುವ ಮಂದಿ ಆಮೇಲೆ. ಬಯಲು ಪಹಣಿಯಲ್ಲಿ ಖುಷ್ಕಿ ಎಂದೇ ಇತ್ತು, ಹಾಗೆಯೇ ಬರೆದ. ಖಾಜಾಸಾಬನ ಮುಂದಿಟ್ಟ. ಖಾಜಾಸಾಬ ಓದಿದ್ದು ಉರ್ದು ಶಾಲೆಯಲ್ಲಿ, ಕನ್ನಡ ಅವನಿಗೆ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. 'ಏನೈತಿ ಇದರಾಗ?' ಎಂದು ಕೇಳಿದ್ದ. 'ಬಯಲಿಂದು' ಎಂದಿದ್ದ ಓಬಳೆಪ್ಪ. ಖಾಜಾಸಾಬ ಸಹಿ ಹಾಕಿದ್ದ.

"ಇದನ್ನ ತಿದ್ದಾಕ ಬರ್ತೈತೇನ್ರಿ?"

"ಸಭಾದಾಗ ಪಾಸಾಗೈತಿ. ಒಂದ ದಾರಿ. ತರಿ ಗುಂಪಿನ ಯಾವುದರ ಸಂಘ ನಿಮ್ಮ ಕೂಡ ಅದಲಿ ಬದಲಿ ಆಗ್ತೀವಿ ಅಂತ ಒಪ್ಪಬೇಕು. ಇಬ್ಬರೂ ಅಧ್ಯಕ್ಷರ ಸಹಿ, ಕಾರಣ ಬರದಿರಬೇಕು. ಹದಿನೈದನೇ ತಾರೀಖು ಸಂಜಿ ಐದರೊಳಗ."

ಅಂದು ಎಂಟನೇ ತಾರೀಖು. ಊರಿಗೆ ಬರುವ ಬಸ್ಸಿನಲ್ಲಿ ಓಬಳೆಪ್ಪನಿಗೆ ಒಂದು ವಿಷಯ ಮಾತ್ರ ಅರ್ಥವಾಗಿತ್ತು, ತನ್ನ ಕಾಲಿನ ಮೇಲೆ ತಾನೇ ಕೊಡಲಿ ಹಾಕಿಕೊಂಡಿದ್ದೇನೆ ಎಂದು. ಉಳಿದದ್ದೆಲ್ಲ ಮೇಜಿನ ಮೇಲಿನ ಶೇಂಗಾದಂತೆ ಅತ್ತಿತ್ತ ಉರುಳುತ್ತಿತ್ತು. ತಾನು ಬರೆದದ್ದು ಸುಳ್ಳೇನೂ ಅಲ್ಲವಲ್ಲ? ಬಯಲು ಖುಷ್ಕಿಯೇ. ನಿಜ ಬರೆದರೂ ತಪ್ಪಾಗುವುದು ಹೇಗೆ? ತಾಲೂಕು ಕಚೇರಿಯಲ್ಲಿ ಯಾರೂ ಅವನಿಗೆ ಇದನ್ನು ಕಲಿಸಿರಲಿಲ್ಲ.

ಖಾಜಾಸಾಬ ಟ್ರ್ಯಾಕ್ಟರಿನ ಪಕ್ಕದಲ್ಲೇ ಕಾಯುತ್ತಿದ್ದ. "ಗೊತ್ತಾತೇನ್ರಿ, ಯಾರು ಮಾಡ್ದಾಂವ?"

"ಇನ್ನೂ... ಪೂರಾ ತಿಳಿವಲ್ದು" ಎಂದ ಓಬಳೆಪ್ಪ. ಅಂದವನೇ, ಕುಂಬಳಕಾಯಿ ಕಳ್ಳನಂತೆ ಹೆಗಲು ಒರೆಸಿಕೊಂಡ.

ಮರುದಿನ ಗಂಗಾವತಿಗೆ ಹೋದ. ಹಮಾಲರ ಸಂಘದ ಅಧ್ಯಕ್ಷ ಗುರುಬಸವ ಅಕ್ಕಿ ಮಿಲ್ಲಿನ ಗೋದಾಮಿನ ಮುಂದೆ ಖಾಲಿ ಚೀಲ ಹಾಸಿಕೊಂಡು ಕೂತಿದ್ದ. ಎತ್ತರದ ಆಳು, ದನಿಯೂ ಅಷ್ಟೇ ದೊಡ್ಡದು. ಫುಟ್‌ಬಾಲ್ ಎಂದ ಕೂಡಲೇ ಉರಿದುಬಿದ್ದ.

"ನಾವು ಹನ್ನೊಂದೂ ಮಂದಿ ಕುಷ್ಟಗಿ, ಯಲಬುರ್ಗಾ ಕಡೆಯವ್ರು, ಯಜಮಾನ್ರ. ಮಿಲ್ ಐತಂತ ಇಲ್ಲಿ ಅದೀವಿ. ಖುಷ್ಕಿ ಗುಂಪಿನ್ಯಾಗ ಇದ್ರ ಒಂದ್ ಐತ್ವಾರ ಬಿಟ್ಟು ಒಂದ್ ಐತ್ವಾರ ನಮ್ಮೂರ ಕಡೆ ಆಟ. ಆಟ ಮುಗಿಸಿ ಮನ್ಯಾಗ ಅವ್ವನ ಕೈಯಾಗ ಒಂದ್ ರೊಟ್ಟಿ ತಿಂದು ಬರ್ತಿದ್ವಿ. ಅದೊಂದ ನೆಪ ಇತ್ತು. ಯಾವನೋ ಮ್ಯಾಲಿಂದ ಬಿದ್ದಾಂವ ಖುಷ್ಕಿ ಅಂತ ಸುಳ್ಳ ಬರದು ನಮ್ಮ ಜಾಗಾದಾಗ ಕುಂತಾನ. ನಮ್ಮನ್ನ ಎತ್ತಿ ಇಲ್ಲಿ ಒಗದಾರ. ಅಂವ ಕೈಗೆ ಸಿಗಲಿ."

ಓಬಳೆಪ್ಪನಿಗೆ ಇದು ತೋಚಿರಲೇ ಇಲ್ಲ. ಶೇಂಗಾ ಸರಿಸಿದಾಗ ಅದೊಂದು ಶೇಂಗಾ ಆಗಿತ್ತಷ್ಟೇ. ಈಗ ಅದಕ್ಕೆ ಅವ್ವಂದಿರು ಇದ್ದರು, ರೊಟ್ಟಿ ಇತ್ತು. ಅವನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

"ಆ ಮ್ಯಾಲಿಂದ ಬಿದ್ದಾವ್ರು ನಾವ್ರಿ" ಎಂದ. "ಅದಲಿ ಬದಲಿ ಕೇಳಾಕ ಬಂದೀನಿ."

ಗುರುಬಸವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬಿಳಿ ಮೀಸೆಯ ಮುದುಕನನ್ನು ಏನು ಮಾಡುವುದೆಂದು ಅವನಿಗೂ ತಿಳಿಯಲಿಲ್ಲ. "ಸಹಿ ಹಾಕ್ತೀನ್ರಿ" ಎಂದ ಕೊನೆಗೆ. "ಆದ್ರ ಕಾಗದದಾಗ ಸಾಫ್ ಬರೀಬೇಕು, ಇದು ಯಾರಿಂದ ಆತು ಅಂತ. ಇಲ್ಲಂದ್ರ ಹಮಾಲರು ತರಿಯವ್ರಿಗೆ ಅಂಜಿ ಓಡಿ ಹೋದ್ರು ಅಂತಾರ."

ಓಬಳೆಪ್ಪ ಅಲ್ಲೇ ಚೀಲದ ಮೇಲೆ ಕೂತು ಪತ್ರ ಬರೆದ. 'ಹೇಮಗುಡ್ಡ ಸಂಘದ ಕಾರ್ಯದರ್ಶಿ ಓಬಳೆಪ್ಪನು ಅರ್ಜಿಯಲ್ಲಿ ತಪ್ಪಾಗಿ ಖುಷ್ಕಿ ಎಂದು ಬರೆದ ಕಾರಣ' ಎಂಬ ಸಾಲು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಗುರುಬಸವ ಅದನ್ನು ಎರಡು ಸಲ ಓದಿ ಸಹಿ ಹಾಕಿದ. ಇನ್ನು ಬೇಕಾದದ್ದು ಖಾಜಾಸಾಬನ ಸಹಿ.

ಅದೇ ಕಷ್ಟ. ಐದು ದಿನ ಆ ಪತ್ರ ಓಬಳೆಪ್ಪನ ಅಂಗಿಯ ಜೇಬಿನಲ್ಲೇ ಇತ್ತು. ಖಾಜಾಸಾಬನಿಗೆ ಕನ್ನಡ ಓದಲು ಬರುವುದಿಲ್ಲ. ಇನ್ನೊಂದು ಕಾರಣ ಹೇಳಿ ಸಹಿ ಹಾಕಿಸಿಕೊಂಡರೆ ಮುಗಿಯಿತು, ಸಂಘವೂ ಉಳಿಯುತ್ತದೆ, 'ರೀ'ಯೂ ಉಳಿಯುತ್ತದೆ. ಆ ಯೋಚನೆ ಬಂದಾಗಲೆಲ್ಲ ಅವನು ಎದ್ದು ನೀರು ಕುಡಿದ. ಆ ಕಡೆ ಖಾಜಾಸಾಬ ದಿನಕ್ಕೆ ಎರಡು ಹೊತ್ತು ಮಂಡಳಿಯವರ ಏಳು ತಲೆಮಾರನ್ನು ಬೈಯುತ್ತಿದ್ದ. ಟ್ರ್ಯಾಕ್ಟರ್ ತಗೊಂಡು ಕೊಪ್ಪಳಕ್ಕೆ ನುಗ್ಗುತ್ತೇನೆ ಎನ್ನುತ್ತಿದ್ದ.

ಹದಿನೈದರ ಬೆಳಿಗ್ಗೆ ಅಂಗಿ ಒಗೆಯಲು ತೆಗೆದ ಹೆಂಡತಿ ಶಿವಬಸಮ್ಮನ ಕೈಗೆ ಪತ್ರ ಸಿಕ್ಕಿತು. ನಿಂತಲ್ಲೇ ಓದಿದಳು.

"ಇದಕ್ಕೇನ್ರಿ ಐದು ದಿನದಿಂದ ನೀರು ಕುಡಿಯಾಕತ್ತೀರಿ?"

"ಅಂವಗ ಹೆಂಗ ಹೇಳಲಿ? ಸೆಕ್ರೆಟರಿ ಅಂತ ಇನ್ನೊಮ್ಮೆ ಕರದಾನೇನು?"

"ಕರೀಲಿಲ್ಲಂದ್ರ ನಾ ಕರೀತೀನಿ. ಹೋಗ್ರಿ" ಎಂದಳು. ಒಗೆಯದ ಅಂಗಿಯನ್ನೇ ಅವನ ಕೈಗೆ ಕೊಟ್ಟಳು.

ಖಾಜಾಸಾಬ ಬಯಲಿನ ಅಂಚಿನ ಬದುವಿನ ಮೇಲೆ ಕೂತಿದ್ದ. ಕಾಲುವೆಗೆ ಅಂದೇ ನೀರು ಬಂದಿತ್ತು. ಸುತ್ತ ನಾಲ್ಕೂ ಕಡೆಯ ಗದ್ದೆಗಳು ನೀರು ಕುಡಿಯುತ್ತಿದ್ದವು, ಅಸ್ಲಮ ದೂರದಲ್ಲಿ ಕೆಸರು ಕಲಸಲು ರೊಳ್ಳಿ ಹೊಡೆಯುತ್ತಿದ್ದ ಟ್ರ್ಯಾಕ್ಟರಿನ ಸದ್ದು ಬರುತ್ತಿತ್ತು. ನಡುವೆ ಎರಡೆಕರೆ ಹನ್ನೊಂದು ಗುಂಟೆ ಒಣ ನೆಲ, ಎರಡು ಗೋಲಿನ ಕಂಬ. ಓಬಳೆಪ್ಪ ಪತ್ರ ತೆಗೆದ.

"ಸಹಿ ಬೇಕಣ್ಣ. ಹಮಾಲರ ಸಂಘ ಅದಲಿ ಬದಲಿಗೆ ಒಪ್ಯಾರ."

"ಹೌದಾ? ಓದ್ರಿ ಮತ್ತ."

ಓದಿದ. ಆ ಸಾಲು ಬಂತು. ಅದನ್ನು ದಾಟಿ ಮುಂದಿನ ಸಾಲಿಗೆ ಹೋಗಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹೋಗಲಿಲ್ಲ. 'ಓಬಳೆಪ್ಪನು ಅರ್ಜಿಯಲ್ಲಿ ತಪ್ಪಾಗಿ ಖುಷ್ಕಿ ಎಂದು ಬರೆದ ಕಾರಣ' ಎಂದು ಪೂರ್ತಿ ಓದಿ, ಕಾಗದ ಮಡಚದೆ ಹಾಗೆಯೇ ನಿಂತ.

ಖಾಜಾಸಾಬ ಕೇಳಿದ, "ಯಾವಾಗ ಗೊತ್ತಾತು?"

"ಎಂಟನೇ ತಾರೀಖಿಗೆ."

"ಒಂದು ವಾರ ಮಂಡಳಿಯವ್ರನ್ನ ಊರ ತುಂಬ ಬೈದೀನಿ. ನೀ ಬಾಜೂಕ ಕುಂತು ಕೇಳೀದಿ."

'ನೀ' ಎಂದ. 'ರೀ' ಮುಗಿಯಿತು ಎಂದುಕೊಂಡ ಓಬಳೆಪ್ಪ.

"ಸುಮ್ಮನ ಇದ್ದೆಲ್ಲ, ಅದು ತಪ್ಪು" ಎಂದ ಖಾಜಾಸಾಬ. "ಅದು ನಿನ್ನ ನನ್ನ ನಡುವಿಂದು, ಕಾಗದದಾಗ ಬ್ಯಾಡ. ಈಗ ಆ ಸಾಲು ಇನ್ನೊಮ್ಮೆ ಓದು."

ಓಬಳೆಪ್ಪ ಓದಿದ.

"ತಪ್ಪಾಗಿ ಅನ್ನೋದನ್ನ ಹೊಡದು ಹಾಕು. ನೀನ ಪಹಣಿ ಗಂಟು ಹೊತ್ಕೊಂಡು ಬರ್ತಿದ್ದೆಲ್ಲ ಸಾಹೇಬ್ರ ಹಿಂದ, ವರ್ಷಾ ವರ್ಷಾ. ಮಗ್ಗಲದಾಗ ಕಾಲುವಿ ಹರೀತೈತಿ, ಇದನ್ನ ಮಟ್ಟ ಮಾಡಿ ತರಿ ಮಾಡ್ಕೋ ಅಂತ ಎಲ್ಲಾರೂ ಹೇಳಿದ್ರು. ನಮ್ಮಪ್ಪ ಸಾಯೋತನಕ ಬೈದ. ತರಿ ಮಾಡಿದ್ರ ಹುಡುಗರು ಎಲ್ಲಿ ಆಡಬೇಕು? ಹಂಗಂತ ಪ್ರತಿ ಸಲ ಖುಷ್ಕಿ ಅಂತನ ಬರೀರಿ ಅಂದೆ. ಆ ಅಕ್ಷರ ಅಲ್ಲಿ ಉಳೀಬೇಕಂತ ನಾ ಮೂವತ್ತೊಂದು ವರ್ಷ ಈ ನೆಲಕ್ಕ ಒಂದು ಹನಿ ನೀರು ಬಿಟ್ಟಿಲ್ಲ. ನೀ ಅದನ್ನ ಬರದು ಕೊಟ್ಟಿ, ಅದನ್ನ ತಪ್ಪು ಅಂತೀಯೇನು?"

ಆ ಗಂಟನ್ನು ಓಬಳೆಪ್ಪನೇ ಹೊತ್ತಿದ್ದ. ತೊಂಬತ್ತೇಳನೇ ನಂಬರಿನ ಮುಂದೆ ಆ ಪದವನ್ನು ನೂರು ಸಲ ನೋಡಿದ್ದ. ಯಾಕೆ ಹಾಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು, ಕನ್ನಡಕ ತೆಗೆದು ಒರೆಸಿಕೊಂಡ.

"ಮತ್ತ ಕಾರಣ ಏನಂತ ಬರೀಲಿ?" ಎಂದ.

"ಅದನ್ನ ನೀವು ಬರೀರಿ. ಸೆಕ್ರೆಟರಿ ಸಾಹೇಬ್ರು ನೀವ, ನಾ ಅಲ್ಲ" ಎಂದು ಖಾಜಾಸಾಬ ಎದ್ದು ನಿಂತ. ಸಹಿ ಹಾಕಲು ಪೆನ್ನಿಗೆ ಕೈ ಚಾಚಿದ.

ಓಬಳೆಪ್ಪ 'ತಪ್ಪಾಗಿ' ಎಂಬುದನ್ನು ಹೊಡೆದು, ತನ್ನ ಹೆಸರನ್ನು ಹಾಗೆಯೇ ಉಳಿಸಿ, ಕೆಳಗೆ ಇನ್ನೊಂದು ಸಾಲು ಸೇರಿಸಿದ. ನಾಲ್ಕೂವರೆಗೆ ಕೊಪ್ಪಳದಲ್ಲಿ ಪ್ರಭುರಾಜ ಅದನ್ನು ಗಟ್ಟಿಯಾಗಿ ಓದಿದ: 'ನಮ್ಮ ನೆಲ ಖುಷ್ಕಿ, ಮಂದಿ ತರಿ. ಹಮಾಲರ ನೆಲ ತರಿ, ಮಂದಿ ಖುಷ್ಕಿ. ಮಂದಿಯನ್ನು ನೋಡಿ ಹಾಕಬೇಕಾಗಿ ವಿನಂತಿ.'

"ಇಂಥ ಕಾರಣ ದಫ್ತರದಾಗ ಎಲ್ಲೂ ಇಲ್ರಿ" ಎಂದ ಪ್ರಭುರಾಜ. ತಲೆ ಕೆರೆದುಕೊಂಡ. ಎರಡು ಹೆಸರನ್ನು ಅತ್ತಿಂದಿತ್ತ ಬರೆದು ಮೊಹರು ಒತ್ತಿದ. "ಮುಂದಿನ ವರ್ಷ ಆ ಏಳನೇ ಅಂಕಣದಾಗ ಏನಂತ ಕೇಳಬೇಕು ಅಂತ ನೀವ ಹೇಳ್ರಿ."

ಓಬಳೆಪ್ಪ ಯೋಚಿಸಿ ನೋಡಿದ. ಅವನಿಗೂ ಗೊತ್ತಾಗಲಿಲ್ಲ, ಹಾಗೆಂದೇ ಹೇಳಿ ಬಸ್ಸು ಹತ್ತಿದ.

ಊರಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಮನೆಗೆ ಹೋಗದೆ ನೇರ ಬಯಲಿಗೆ ಹೋದ. ನಾಲ್ಕೂ ಗಡಿಯ ಬದು ಹಿಡಿದು ನಡೆದ, ಹಿಂದೆ ಸರಪಳಿ ಹಿಡಿದು ನಡೆದಂತೆಯೇ. ಈ ಸಲ ಅವನು ಕಾಲ ಕೆಳಗಿನ ಮಣ್ಣನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಮೂಡಣ ಮೂಲೆಯಲ್ಲಿ, ಕಾರ್ನರ್ ಹೊಡೆಯುವ ಜಾಗದಲ್ಲಿ, ಪಕ್ಕದ ಗದ್ದೆಯ ನೀರು ಬದುವಿನಡಿ ಸೋರಿ ಒಂದು ಚಾಪೆಯಷ್ಟು ನೆಲ ತೇವವಾಗಿತ್ತು.

ಓಬಳೆಪ್ಪ ಅಂಗಿಯ ತೋಳು ಮಡಚಿದ, ಸಲಿಕೆ ತರಲು ಖಾಜಾಸಾಬನ ಮನೆಯ ಕಡೆ ಹೊರಟ.